ಯಾರ ಪಾಸ್‌ವರ್ಡೂ ಕೇಳದ ಗಂಗಕ್ಕ

ಬೆಳಗಿನ ಏಳಕ್ಕೆ ಇನ್ನೂ ಹತ್ತು ನಿಮಿಷವಿದೆ. ಜವಳಗೇರಾದಿಂದ ಮೊದಲ ಬಸ್ಸಿಗೆ ಬಂದ ಶಿವಗಂಗಾ, ಸಿಂಧನೂರಿನ ಮಹಿಳಾ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನ ಬೀಗ ತೆಗೆಯುತ್ತಾರೆ. ಮೊದಲು ಮೂಲೆಯ ಸರ್ವರ್. ಅದರ ಹಸಿರು ದೀಪ ಹತ್ತಿದ ಮೇಲೆಯೇ ಉಳಿದ ಮೂವತ್ತು ಕಂಪ್ಯೂಟರುಗಳ ಸ್ವಿಚ್ಚು. ಈ ಕ್ರಮ ಒಂದು ದಿನ ತಪ್ಪಿದ್ದಕ್ಕೆ ಅವರ ಹನ್ನೊಂದು ವರ್ಷದ ಕೆಲಸವೇ ಹೋಗುವುದರಲ್ಲಿತ್ತು.

ಇಲ್ಲಿನ ಕಂಪ್ಯೂಟರುಗಳೆಲ್ಲ ನಡೆಯುವುದು ವಿಂಡೋಸ್ ಬದಲು ಲಿನಕ್ಸ್‌ನಲ್ಲಿ. ಹುಡುಗಿಯರ ಫೈಲುಗಳು ಸರ್ವರಿನಲ್ಲಿ, ಒಬ್ಬೊಬ್ಬರಿಗೆ ಒಂದೊಂದು ಹೋಂ ಫೋಲ್ಡರ್. ಹುಡುಗಿಯೊಬ್ಬಳು ಯಾವ ಕಂಪ್ಯೂಟರಿನ ಮುಂದೆ ಕೂತು ಪಾಸ್‌ವರ್ಡ್ ಹಾಕಿದರೂ ಅವಳ ಫೋಲ್ಡರು ಅಲ್ಲಿಗೆ ಬರಬೇಕು, ಎದ್ದು ಹೋದಾಗ ಕಳಚಿಕೊಳ್ಳಬೇಕು. ಅದನ್ನು ಮಾಡಿಸುವ ಪ್ಯಾಮ್ ಮೌಂಟ್ ಎಂಬ ಮಾಡ್ಯೂಲನ್ನು, ಅಂದರೆ ಪುಟ್ಟ ತಂತ್ರಾಂಶವನ್ನು, ಹೊಂದಿಸುವವರು ಶಿವಗಂಗಾ. ಹಾಜರಿ ಪುಸ್ತಕದಲ್ಲಿ ಅವರು ಬರೀ 'ಅಟೆಂಡರ್'.

"ಹುದ್ದೆ ಹೋಗ್ಲಿ ಬಿಡ್ರಿ. ನಾ ಹಿಂದ ಹಾದು ಹೋದ್ರ ಸಾಕು, ಹುಡುಗ್ಯಾರು ಸ್ಕ್ರೀನಿಗೆ ವೇಲ್ ಅಡ್ಡ ಹಿಡೀತಾರ. 'ಗಂಗಕ್ಕಗ ಎಲ್ಲಾ ಕಾಣತೈತಿ ಬೇ' ಅಂತ ಗುಸುಗುಸು. ನನಗೇನು ಬ್ಯಾರೆ ಕೆಲಸ ಇಲ್ಲೇನು?"

ನಗುತ್ತಲೇ ಹೇಳುತ್ತಾರೆ, ಆದರೆ ಚುಚ್ಚಿದ್ದು ಗೊತ್ತಾಗುತ್ತದೆ. ಮದುವೆಯಾದ ಹೊಸದರಲ್ಲಿ ತವರಿನ ಕಾಗದಗಳನ್ನು ಅತ್ತೆ ಪಾರ್ವತೆಮ್ಮ ಬೇರೆಯವರಿಂದ ಓದಿಸಿ ಕೇಳಿದ ಮೇಲೆಯೇ ಇವರ ಕೈಗೆ ಕೊಡುತ್ತಿದ್ದರಂತೆ; ತಮ್ಮದನ್ನು ಬೇರೆಯವರು ಓದಿದರೆ ಹೇಗಿರುತ್ತದೆಂದು ಇವರಿಗೆ ಗೊತ್ತು.

ಕಳೆದ ಫೆಬ್ರುವರಿಯಲ್ಲಿ ವಳಕಮದಿನ್ನಿ ಊರಿನ ವಿದ್ಯಾರ್ಥಿನಿ ರೂಪಾಳ ಪ್ರಾಜೆಕ್ಟಿನ ಕೊನೆಯ ಅಧ್ಯಾಯ ಮಾಯವಾಯಿತು. ಮರುದಿನವೇ ಒಪ್ಪಿಸಬೇಕು. "ಯಾರಿಗರ ಕೊಟ್ಟೀಯೇನಕ್ಕಾ?" ಎಂದು ಎಲ್ಲರೆದುರೇ ಕೇಳಿದಳು. ವಿಭಾಗದ ಮುಖ್ಯಸ್ಥ ಪಂಪಾಪತಿ ಇನ್ನೂ ನೇರ: "ಸರ್ವರಿನ ಚಾವಿ ನಿಮ್ಮ ಕೈಯಾಗ ಐತಿ. ಸಂಜೀತನಕ ಹುಡುಕಿ ಕೊಡ್ರಿ, ಇಲ್ಲಾಂದ್ರ ನಾಳಿಂದ ಬರಬ್ಯಾಡ್ರಿ."

"ಆವತ್ತು ನಾನೂ ಎಲ್ಲಾರ ಮಾರಿ ಕಳ್ಳರ ಮಾರಿ ನೋಡಿದಂಗ ನೋಡಾಕತ್ತಿದ್ದೆ," ಎನ್ನುತ್ತಾರೆ.

ಕಳ್ಳರು ಯಾರೂ ಇರಲಿಲ್ಲ. ಹಿಂದಿನ ದಿನ ಕರೆಂಟು ಹೋಗಿ ಬಂದಾಗ, ಸರ್ವರ್ ಏಳುವ ಮೊದಲೇ ಇವರು ಅವಸರದಲ್ಲಿ ಹುಡುಗಿಯರನ್ನು ಕೂರಿಸಿದ್ದರು. ಫೋಲ್ಡರು ಬರದಿದ್ದರೂ ಒಳಗೆ ಬಿಡುವಂತೆ ಮಾಡ್ಯೂಲನ್ನು ಹೊಂದಿಸಿದ್ದವರೂ ಇವರೇ. ಹಳೆಯ ಫೈಲುಗಳು ಕಾಣದಿದ್ದರೂ ಕರೆಂಟಿನ ಕಾಟವೆಂದುಕೊಂಡು, ರೂಪಾ ಆ ಕಂಪ್ಯೂಟರಿನದೇ ಖಾಲಿ ಫೋಲ್ಡರಿನಲ್ಲಿ ಹನ್ನೆರಡು ಪುಟ ಟೈಪು ಮಾಡಿದ್ದಳು. ಮರುದಿನ ಅದೇ ಕಂಪ್ಯೂಟರಿನಲ್ಲಿ ಲಾಗಿನ್ ಆದಾಗ ಸರ್ವರಿನ ಫೋಲ್ಡರು ಬಂದು ಅದರ ಮೇಲೆಯೇ ಕೂತಿತು. ಬರೆದದ್ದು ಅಡಿಯಲ್ಲಿ ಉಳಿಯಿತು.

ಮೇಲಿನದನ್ನು ಕಳಚಿದಾಗ ಶಿವಗಂಗಾರಿಗೆ ಫೈಲಿನ ಹೆಸರು ಕಂಡಿತು. ತೆರೆಯಲಿಲ್ಲ. ರೂಪಾಳನ್ನು ಕರೆದು ಕೂರಿಸಿ, ತಾವು ಗೋಡೆಯ ಕಡೆ ಮುಖ ಮಾಡಿ ನಿಂತರು.

"ಐತಕ್ಕ," ಎಂದಳು ಹುಡುಗಿ. ಅಷ್ಟೇ.

ತಪ್ಪು ತಮ್ಮದೆಂದು ಪಂಪಾಪತಿಯವರ ಮುಂದೆ ಒಪ್ಪಿಕೊಂಡರು. ಕೆಲಸ ಉಳಿಯಿತು. ಈಗ ಫೋಲ್ಡರು ಬರದೆ ಲಾಗಿನ್ನೇ ಆಗದಂತೆ ಬಿಗಿ ಮಾಡಿದ್ದಾರೆ. ಜೊತೆಗೆ, ಅವರವರ ಪಾಸ್‌ವರ್ಡಿಗಷ್ಟೇ ತೆರೆಯುವಂತೆ ಒಂದೊಂದೇ ಫೋಲ್ಡರಿಗೆ ಗೂಢಲಿಪಿಯ ಬೀಗ ಹಾಕುತ್ತಿದ್ದಾರೆ. ಇನ್ನೂರ ಹದಿನಾಲ್ಕರಲ್ಲಿ ತೊಂಬತ್ತು ಮುಗಿದಿವೆ. ಅದಕ್ಕೂ ಮುಖ್ಯಸ್ಥರ ಹುಬ್ಬು ಏರಿದೆ: "ಏನು ಮುಚ್ಚಿಡಾಕತ್ತೀರಿ?"

"ನನ್ನಿಂದನ ಮುಚ್ಚಿಡಾಕತ್ತೀನ್ರಿ ಸರ್," ಎಂದರಂತೆ.

ಎಂಟಕ್ಕೆ ಹುಡುಗಿಯರು ಬರುತ್ತಾರೆ. ಮುಂದಿನ ಸಾಲಿನವಳೊಬ್ಬಳು ಗಂಗಕ್ಕನತ್ತ ಓರೆಗಣ್ಣು ಹಾಯಿಸಿ, ಎಡಗೈಯನ್ನು ಕೀಬೋರ್ಡಿಗೆ ಮರೆ ಹಿಡಿದು ಪಾಸ್‌ವರ್ಡ್ ಒತ್ತುತ್ತಾಳೆ. ಬೇಸರವಾಗುವುದಿಲ್ಲವೇ?

"ಯಾಕ ಬ್ಯಾಸರ? ಹಂಗ ಕೈ ಅಡ್ಡ ಹಿಡಿಯೂದು ನಾನಽ ಕಲಿಸೀನ್ರಿ," ಎಂದು ಶಿವಗಂಗಾ ಗೋಡೆಯ ಕಡೆ ತಿರುಗುತ್ತಾರೆ.