ಬೋಣಿಯ ನೂರಾ ಹದಿನೆಂಟು ರೂಪಾಯಿ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮತ್ತೆ ಬಂದವರಿಗೆಲ್ಲ ಹೇಳುತ್ತಾರೆ. ಸುಳ್ಳೇನಲ್ಲ. ನನ್ನ ಮೊದಲ ಗಿರಾಕಿಗೂ ಅದರ ಬಿಸಿ ಮುಟ್ಟಿಸಿದವಳು ನಾನು.

ತೂಬಗೆರೆಯಲ್ಲಿ ಅತ್ತೆಯದು ದಿನಸಿ ಅಂಗಡಿ. ನಾನು ದೊಡ್ಡಬಳ್ಳಾಪುರದ ಶಾಲೆಯೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಮದುವೆಯಾದ ಹೊಸತರಲ್ಲಿ, ಮಧ್ಯಾಹ್ನ ವ್ಯಾಪಾರವಿಲ್ಲದ ಹೊತ್ತಿನಲ್ಲಿ, ಅತ್ತೆ ನನಗೆ ಅಳಗುಳಿ ಮಣೆ ಕಲಿಸಿದ್ದರು. ಅವರ ಕೈಗೆ ಹುಣಸೆ ಬೀಜ ಸಿಕ್ಕರೆ ಅವರನ್ನು ಸೋಲಿಸುವುದು ಇವತ್ತಿಗೂ ನನ್ನಿಂದ ಆಗಿಲ್ಲ. ಆ ಆಟವನ್ನೇ, ದೂರದ ಇಬ್ಬರು ಫೋನಿನಲ್ಲಿ ಕೂಡಿ ಆಡುವ ಹಾಗೆ, ಎರಡು ವರ್ಷ ಕೂತು ಮಾಡಿ ನನ್ನದೇ ವೆಬ್‌ಸೈಟಿನಲ್ಲಿ ಮಾರಾಟಕ್ಕಿಟ್ಟೆ. ಆನ್‌ಲೈನ್ ಆಟ ಎಂದ ಕೂಡಲೇ ಅತ್ತೆ ಗಾಬರಿಯಾಗಿ, ಪೊಲೀಸರು ಬರುತ್ತಾರಾ ಎಂದು ಕೇಳಿದರು. ಇದು ದುಡ್ಡು ಕಟ್ಟಿ ಆಡುವ ಜೂಜಲ್ಲ, ಒಂದು ಸಲ ಕೊಂಡರೆ ಮುಗಿಯಿತು ಎಂದು ನಮ್ಮ ಆಡಿಟರ್ ಹೇಳಿದ ಮೇಲೆಯೇ ಅವರಿಗೆ ಸಮಾಧಾನ.

ಇಷ್ಟು ಸಣ್ಣ ವ್ಯಾಪಾರಕ್ಕೆ ಜಿಎಸ್‌ಟಿ ನೋಂದಣಿ ಬೇಕಿಲ್ಲ ಎಂದೂ ಆಡಿಟರ್ ಹೇಳಿದ್ದರು. ನಾನು ಕೇಳಲಿಲ್ಲ. ಮುಂದೆ ಶಾಲೆಗಳಿಗೆ ಮಾರುವಾಗ ಬಿಲ್ ಬೇಕಾಗುತ್ತದೆ ಎಂದು ಹಠ ಹಿಡಿದು ಮಾಡಿಸಿದೆ. ಆಟದ ಬೆಲೆ ನೂರು, ತೆರಿಗೆ ಹದಿನೆಂಟು.

ಹೊಸಕೋಟೆಯ ಹೆಂಗಸೊಬ್ಬರು ಮೊದಲು ಕೊಂಡರು. ಖಾತೆಗೆ ಬಿದ್ದ ದುಡ್ಡು ಅತ್ತೆಗೆ ದುಡ್ಡೇ ಅಲ್ಲ. ಅಷ್ಟನ್ನೂ ನೋಟು, ಚಿಲ್ಲರೆ ಮಾಡಿಸಿ ತರಿಸಿಕೊಂಡು, ಅರಿಶಿನ ಹಚ್ಚಿ, ಅಂಗಡಿಯ ದೇವರ ಪಟದ ಮುಂದೆ ಇಟ್ಟರು. ಮೊದಲ ವ್ಯಾಪಾರದ ದುಡ್ಡು, ಬೋಣಿ.

ನಾಲ್ಕನೇ ದಿನ ಆ ಹೆಂಗಸಿನ ಮೇಲ್ ಬಂತು. ಆಟ ತೆರೆಯುತ್ತಲೇ ಇಲ್ಲ, ಬರೀ ಬಿಳಿ ಪರದೆ, ದುಡ್ಡು ವಾಪಸ್ ಕೊಡಿ.

ಅತ್ತೆ ಖಂಡಿತ ಬೇಡ ಎಂದರು. "ಬೋಣಿ ದುಡ್ಡು ವಾಪಸ್ ಹೋದ್ರೆ ವ್ಯಾಪಾರ ಮೇಲೇಳಲ್ಲ ಕಣಮ್ಮ."

ಇಂಥದ್ದನ್ನೆಲ್ಲ ನಾನು ನಂಬುವವಳಲ್ಲ. ಆವತ್ತು ಮಾತ್ರ ಚೆನ್ನಾಗಿ ನಂಬಿದೆ, ಏಕೆಂದರೆ ನನಗೂ ಕೊಡಲು ಮನಸ್ಸಿರಲಿಲ್ಲ. ಎರಡು ವರ್ಷದ ದುಡಿಮೆಯನ್ನು ಯಾರೋ ಸರಿಯಿಲ್ಲ ಎಂದರೆ ಮೈ ಉರಿಯುವುದಿಲ್ಲವೇ? ನಿಮ್ಮ ಫೋನೇ ಹಳೆಯದು, ತಪ್ಪು ನಮ್ಮದಲ್ಲ, ಡಿಜಿಟಲ್ ಸಾಮಾನು ವಾಪಸ್ ಇಲ್ಲ ಎಂದು ಬರೆದು ಕಳಿಸಿದೆ. ಅವರು ನೇರ ಪೇಮೆಂಟ್ ಕಂಪನಿಗೆ ದೂರು ಕೊಟ್ಟರು. ಒಂದು ವಾರದೊಳಗೆ ಬಗೆಹರಿಸದಿದ್ದರೆ ನನ್ನ ವೆಬ್‌ಸೈಟಿಗೆ ದುಡ್ಡು ಕಟ್ಟಿಸಿಕೊಳ್ಳುವುದನ್ನೇ ನಿಲ್ಲಿಸುತ್ತೇವೆ ಎಂದು ಕಂಪನಿಯವರು ಬರೆದರು. ಶುರುವಾಗುವ ಮೊದಲೇ ಅಂಗಡಿ ಮುಚ್ಚುವ ಹಾಗಾಯಿತಲ್ಲ!

ಆಡಿಟರ್ ಹತ್ತಿರ ಓಡಿದೆ. ಹಳೆಯ ಫೋನಿನಲ್ಲಿ ನಡೆಯುವುದಿಲ್ಲ ಎಂದು ವೆಬ್‌ಸೈಟಿನಲ್ಲಿ ಎಲ್ಲಾದರೂ ಹಾಕಿದ್ದೀರಾ ಎಂದು ಕೇಳಿದರು. ಹಾಕಿರಲಿಲ್ಲ. "ನಡೀದೇ ಇರೋ ಮಾಲು ಕೊಟ್ಟು ವಾಪಸ್ ಇಲ್ಲ ಅನ್ನೋಕೆ ಕಾನೂನು ಬಿಡಲ್ಲ ಮೇಡಂ," ಎಂದರು. ತೆರಿಗೆ ಸಮೇತ ಪೂರ್ತಿ ಕೊಡಿ, ಆ ಬಿಲ್ಲಿನ ದುಡ್ಡು ವಾಪಸಾಯಿತು ಎಂದು ಒಂದು ಕ್ರೆಡಿಟ್ ನೋಟ್ ಬರೆದು ಜಿಎಸ್‌ಟಿ ರಿಟರ್ನ್‌ನಲ್ಲಿ ತೋರಿಸಿದರೆ ನೀವು ಕಟ್ಟಬೇಕಾದ ತೆರಿಗೆಯಲ್ಲಿ ಹದಿನೆಂಟು ರೂಪಾಯಿ ಕಡಿಮೆಯಾಗುತ್ತದೆ ಎಂದು ತಿಳಿಸಿದರು. ದುಡ್ಡು ದೇವರ ಮುಂದಿದೆ ಎಂದೆ. ಆ ಹದಿನೆಂಟು ಯಾವತ್ತೂ ನಿಮ್ಮದೂ ಅಲ್ಲ, ದೇವರದೂ ಅಲ್ಲ, ಸರ್ಕಾರದ್ದು ಎಂದು ನಕ್ಕರು.

ಅತ್ತೆಗೆ ಗೊತ್ತಾಗದ ಹಾಗೆ ಫೋನಿನಲ್ಲೇ ವಾಪಸ್ ಕಳಿಸಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಅಂಗಡಿಗೆ ಹೋಗಿ ಆಡಿಟರ್ ಹೇಳಿದ್ದೆಲ್ಲ ಒಪ್ಪಿಸಿದೆ. ಅತ್ತೆ ಬೆಲ್ಲ ತೂಗುತ್ತಿದ್ದರು. ಗಿರಾಕಿಯನ್ನು ಕಳಿಸಿ ಕೇಳಿದರು:

"ಆಯಮ್ಮ ಒಂದಾಟನಾದ್ರೂ ಆಡಿದ್ರಾ?"

ಇಲ್ಲ, ತೆರೆಯಲೇ ಇಲ್ಲ ಎಂದೆ.

ಅತ್ತೆ ಬೆಲ್ಲದ ಕೈ ಒರೆಸಿಕೊಂಡು, ಪಟದ ಮುಂದಿನ ದುಡ್ಡು ತೆಗೆದರು. "ಹಂಗಾದ್ರೆ ಇದು ಬೋಣಿನೇ ಅಲ್ಲ. ಕೆಟ್ಟ ಕಾಯಿ ಕೊಟ್ಟು ಈಸ್ಕೊಂಡ ದುಡ್ಡು ತಂದು ದೇವ್ರ ಮುಂದೆ ಇಟ್ಬಿಟ್ವಲ್ಲ."

ನನಗೆ ಅಳು ಬಂತು. ಅಲ್ಲೇ ನಿಂತು ದುಡ್ಡು ವಾಪಸ್ ಕಳಿಸಿ, ಆ ಹೆಂಗಸಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಪಾಪ, ಅವರು ಬೈಯಲಿಲ್ಲ. ಶಿವಗಂಗೆಯ ಹತ್ತಿರ ಇರುವ ಅಕ್ಕನ ಜೊತೆ ಆಡೋಣ ಎಂದು ಆಸೆಪಟ್ಟು ಕೊಂಡಿದ್ದರಂತೆ. ದೂರನ್ನೂ ವಾಪಸ್ ತೆಗೆದುಕೊಂಡರು.

ಆಮೇಲೆ ಹೊಳೆಯಿತು, ಅತ್ತೆಯದೂ ಹಳೆಯ ಫೋನೇ. ಅದರಲ್ಲಿ ಹಾಕಿ ನೋಡಿದರೆ ಅದೇ ಬಿಳಿ ಪರದೆ. ಆಟ ಕಲಿಸಿದವರ ಫೋನಿನಲ್ಲೇ ಒಂದು ದಿನವೂ ನಾನು ಹಾಕಿ ನೋಡಿರಲಿಲ್ಲ. ಇದಕ್ಕಿಂತ ನಾಚಿಕೆ ಬೇಕೇ? ಮೂರು ವಾರ ಕೂತು ಸರಿಮಾಡಿದೆ. ಅತ್ತೆ ಆ ಫೋನಿನಲ್ಲೇ ಆಡಿ ನನ್ನನ್ನು ಸೋಲಿಸಿದ ಮೇಲೆ ಮತ್ತೆ ಮಾರಾಟಕ್ಕಿಟ್ಟು, ಹೊಸಕೋಟೆಗೂ ಒಂದು ಸಾಲು ಬರೆದೆ.

ಎರಡು ದಿನ ಬಿಟ್ಟು, ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಮೆಸೇಜ್ ಬಂತು. ನೂರಾ ಹದಿನೆಂಟು. ಅದೇ ಹೆಂಗಸು. ಖುಷಿಗೆ ಪರ್ಸ್ ಬಿಚ್ಚಿ ನೋಟು, ಚಿಲ್ಲರೆ ತೆಗೆದರೆ ಅತ್ತೆ ನನ್ನ ಕೈ ಹಿಡಿದರು.

"ತಡಿ. ಆಟ ತೆರೀತಾ ಅಂತ ಕೇಳು ಮೊದ್ಲು."

ಫೋನ್ ಮಾಡಿದೆ. "ಆಮೇಲೆ ಮಾಡಿ ಮೇಡಂ, ಅಕ್ಕ ಕಾಯ್ತಾವ್ಳೆ, ಈಗ ನನ್ನಾಟ," ಎಂದು ಅವರು ಇಟ್ಟೇಬಿಟ್ಟರು.

ಅತ್ತೆ ನೂರರ ನೋಟನ್ನು ಕಣ್ಣಿಗೊತ್ತಿಕೊಂಡು ಪಟದ ಮುಂದೆ ಇಟ್ಟರು. ಹದಿನೆಂಟು ರೂಪಾಯಿಯನ್ನು ಮಾತ್ರ ನನ್ನ ಕೈಗೇ ವಾಪಸ್ ಕೊಟ್ಟು, ಇದನ್ನು ಸರ್ಕಾರಕ್ಕೆ ಕಟ್ಟು ಎಂದರು.