ಪಕ್ಕದ ಸೀಟಿನ ಪೈಲಟ್

ಊರಿನಲ್ಲಿ ಇಪ್ಪತ್ತು ವರ್ಷ ಬಸ್ಸು ಓಡಿಸಿದ ಗಂಡಸು, ಹೆಂಡತಿ ಓಡಿಸುವ ಕಾರಿನ ಪಕ್ಕದ ಸೀಟಿನಲ್ಲಿ ಕೂತು ಹೋಗಬೇಕಾಗಿ ಬಂದರೆ ಅವನ ಪಾಡು ಏನಾಗುತ್ತದೆ ಎಂದು ಮಾತ್ರ ಕೇಳಬೇಡಿ. ಅಲ್ಲಿ ಅವನನ್ನು ಎಲ್ಲರೂ ಪೈಲಟ್ ಎಂದೇ ಕರೆಯುತ್ತಿದ್ದರು. ಬೆಟ್ಟದ ತಿರುವುಗಳಲ್ಲಿ ಅವನ ಬಸ್ಸೆಂದರೆ ಮುದುಕಿಯರು ಕೂಡ ಕಿಟಕಿಗೆ ತಲೆಯಾನಿಸಿ ಗೊರಕೆ ಹೊಡೆಯುತ್ತಿದ್ದರಂತೆ. ಅಂಥವನು ಈ ಪರದೇಶಕ್ಕೆ ಬಂದು ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಕೈಕಟ್ಟಿ ಕೂತ.

ಮೊದಲು ಬಂದವಳು ಹೆಂಡತಿ. ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ರೋಗಿಗಳ ಹಾಸಿಗೆ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳಿಗೆ ಕೆಲಸ. ನಸುಕಿನ ಪಾಳಿಗೆ ಬಸ್ಸಿರಲಿಲ್ಲ, ವಿಧಿಯಿಲ್ಲದೆ ಕಾರು ಕಲಿತಳು. ಸೈಕಲ್ ಕೂಡ ತುಳಿಯದವಳು! ಸ್ಟೀರಿಂಗನ್ನು ಅವಳು ಉಸಿರು ಬಿಗಿಹಿಡಿದು ಅವುಚಿಕೊಂಡ ಪರಿ ನೋಡಿ ಕಲಿಸುವವನು, "ಅದೇನು ಓಡಿಹೋಗಲ್ಲ, ಸ್ವಲ್ಪ ಸಡಿಲ ಬಿಡಿ" ಎಂದಿದ್ದ. ಎರಡು ಸಲ ಡುಮ್ಕಿ ಹೊಡೆದು, ಮೂರನೇ ಸಲ ಹೇಗೋ ದಡ ಸೇರಿದಳು. ಗಂಡ ಬಂದಮೇಲೆ ಅವಳ ಡ್ರೈವಿಂಗಿಗೆ ಅವನು ಮೂಗು ಮುರಿಯದ ದಿನವಿಲ್ಲ. "ನೀನು ಗೇರ್ ಹಾಕೋದು ನೋಡಿದ್ರೆ ಹಿಟ್ಟು ನಾದ್ತಾ ಇದೀಯೇನೋ ಅನ್ಸುತ್ತೆ" ಎನ್ನುತ್ತಿದ್ದ. ಅವಳೂ ನಕ್ಕುಬಿಡುತ್ತಿದ್ದಳು. ಮನೆಯಲ್ಲಿ ಕೂತು ಕೂತು ಸಣ್ಣವನಾಗಿಹೋದ ಗಂಡಸು, ಅಷ್ಟಾದರೂ ಅಂದುಕೊಳ್ಳಲಿ ಪಾಪ.

ಹೀಗಿರುವಾಗ ಆಸ್ಪತ್ರೆಯ ವ್ಯಾನಿಗೆ ಡ್ರೈವರ್ ಬೇಕಾಯಿತು. ಓಡಾಡಲಾಗದ ರೋಗಿಗಳನ್ನು ಮನೆಯಿಂದ ಕರೆತಂದು ಮತ್ತೆ ಬಿಡುವ ಕೆಲಸ. ಅವಳ ಮೇಲ್ವಿಚಾರಕಿ ಒಳ್ಳೆಯ ಹೆಂಗಸು. "ನಿನ್ನ ಗಂಡ ಇಲ್ಲಿನ ಲೈಸೆನ್ಸ್ ತಗೊಳ್ಳಲಿ, ಕೆಲಸ ಅವನಿಗೇ" ಎಂದು ಮಾತು ಕೊಟ್ಟಳು. ಅಂದು ಪೈಲಟ್ ಗಡ್ಡ ಹೆರೆದುಕೊಂಡ. "ಇದೂ ಕೈ ತಪ್ಪಿದ್ರೆ ನಾನು ಊರಿಗೆ ಹೊರಟೆ, ಹೇಳಿರ್ತೀನಿ. ಹೆಂಡ್ತಿ ದುಡ್ಡಲ್ಲಿ ಉಂಡು ಮಲಗೋಕೆ ನನ್ನ ಕೈಲಾಗಲ್ಲ" ಎಂದ. ಅವನು ಹೇಳಿದರೆ ಹೇಳಿದಂತೆ ಮಾಡುವವನೇ. ಹತ್ತು ವರ್ಷದ ಸಂಸಾರದಲ್ಲಿ ನಾಲ್ಕು ವರ್ಷ ಆಗಲೇ ಬೇರೆ ಬೇರೆ ಕಳೆದವರು ಅವರು. ಇನ್ನೊಮ್ಮೆ ಒಬ್ಬಳೇ ಆ ಮನೆಯ ಬೀಗ ತೆಗೆಯುವುದನ್ನು ನೆನೆದರೆ ಅವಳಿಗೆ ಎದೆ ಝಲ್ಲೆನ್ನುತ್ತಿತ್ತು.

ಕಚೇರಿ ಎಂದರೆ ಕಚೇರಿಯೇ ಬಿಡಿ, ದೇಶ ಯಾವುದಾದರೇನು. ಹಳೆಯ ಲೈಸೆನ್ಸಿಗೆ ಅನುವಾದ ಬೇಕು ಎಂದರು. ಅನುವಾದಕ್ಕೆ ಮೊಹರು ಬೇಕು ಎಂದರು. ಮೊಹರು ಒತ್ತುವ ಮಹಾನುಭಾವ ರಜೆಯಲ್ಲಿದ್ದ. ಫೋಟೋದಲ್ಲಿ ಕಿವಿ ಕಾಣಿಸುತ್ತಿಲ್ಲ ಎಂದು ವಾಪಸು ಕಳಿಸಿದರು. ಕಿವಿ ಕಾಣುವ ಫೋಟೋ ಒಯ್ದರೆ, ಅಷ್ಟರಲ್ಲಿ ಮೊಹರಿನ ಅವಧಿಯೇ ಮುಗಿದಿತ್ತು. "ಕಿವಿ ತಗೊಂಡು ಏನ್ಮಾಡ್ತಾರಂತೆ, ಕಿವೀಲಿ ಗಾಡಿ ಓಡಿಸ್ತಾರಾ?" ಎಂದು ಪೈಲಟ್ ರೇಗಿದ. ಆ ಭಾಷೆ ಅವನಿಗೆ ಬಾರದು, ಎಲ್ಲ ಕಡೆಗೂ ಹೆಂಡತಿಯೇ ನಾಲಿಗೆ. ಅವನ ಬೈಗುಳಗಳನ್ನು ಅವಳು "ದಯವಿಟ್ಟು" ಮತ್ತು "ಧನ್ಯವಾದ" ಮಾಡಿ ಕೌಂಟರಿನಾಚೆ ದಾಟಿಸುತ್ತಿದ್ದಳು.

ಅಂತೂ ಕಲಿಕೆಯ ಪರವಾನಗಿ ಬಂತು. ಲೈಸೆನ್ಸ್ ಇರುವವರು ಪಕ್ಕದಲ್ಲಿದ್ದರೆ ಓಡಿಸಬಹುದು. ರಜೆಯ ದಿನ ಪೀಠೋಪಕರಣದ ಅಂಗಡಿಯ ಹಿಂದಿನ ಬಯಲಿನಲ್ಲಿ, ಆಮೇಲೆ ಖಾಲಿ ರಸ್ತೆಗಳಲ್ಲಿ ಅವನು ಓಡಿಸಿದ. ಕೈ ಹದವಾಗಿತ್ತು, ಗೇರು ಬೆಣ್ಣೆಯಂತೆ ಬೀಳುತ್ತಿತ್ತು. "ಆ ಬೋರ್ಡಲ್ಲೇನಿದೆ ನೋಡು. ಈ ಹಾಳು ಲಿಪಿ ನನಗೆ ಈ ಜನ್ಮದಲ್ಲಿ ಹತ್ತಲ್ಲ" ಎನ್ನುತ್ತಿದ್ದ. ಅವಳು ಓದಿ ಹೇಳುತ್ತಿದ್ದಳು. ಅಕ್ಷರ ಬಾರದವನಿಗೆ ಬೋರ್ಡು ಓದಿ ಹೇಳುವುದರಲ್ಲಿ ಅನುಮಾನ ಪಡಲು ಏನಿದೆ? ಒಮ್ಮೆ ಬಯಲಿನ ನಡುವೆ ಯಾರೋ ಬಿಟ್ಟುಹೋಗಿದ್ದ ಸಾಮಾನಿನ ತಳ್ಳುಗಾಡಿಗೆ ನೇರವಾಗಿ ಗುದ್ದಿದ. "ಬಸ್ಸಿನ ಅಂದಾಜು ಇನ್ನೂ ಬಿಟ್ಟಿಲ್ಲ ಕಣೇ" ಎಂದ. ಅವಳು ಅದನ್ನೂ ನಂಬಿದಳು. ಮನೆಯಲ್ಲಿ ಚಹಾ ಬಗ್ಗಿಸುವಾಗ ಅವನು ಕಪ್ಪಿನ ಹೊರಗೆ ಚೆಲ್ಲಿದರೂ ಅವಳಿಗೆ ಏನೂ ಹೊಳೆಯಲಿಲ್ಲ.

ಕೊನೆಗೆ ಉಳಿದದ್ದು ಕಣ್ಣಿನ ಪರೀಕ್ಷೆ ಮತ್ತು ರಸ್ತೆ ಪರೀಕ್ಷೆ. ಕಣ್ಣಿನದು ಲೆಕ್ಕಕ್ಕೇ ಇಲ್ಲ ಎಂದುಕೊಂಡು ಅವಳು ಪಾಳಿ ಮುಗಿಸಿ, ಒದ್ದೆ ಕೂದಲಲ್ಲೇ ಅವನನ್ನು ಕರೆದುಕೊಂಡು ಹೋದಳು. ಸಣ್ಣ ಕೋಣೆ. ಗೋಡೆಯ ಮೇಲೆ, ಲಿಪಿ ಬಾರದವರಿಗೆಂದು, ಒಂದೊಂದೂ ಬೇರೆ ಬೇರೆ ಕಡೆ ಬಾಯಿ ತೆರೆದ ಉಂಗುರಗಳ ಹಲಗೆ. ಪರೀಕ್ಷೆ ಮಾಡುವ ಹೆಂಗಸು, "ಉಂಗುರದ ಬಾಯಿ ಯಾವ ಕಡೆಗಿದೆ ಅಂತ ಕೇಳಿ. ಅವರು ಹೇಳಿದ್ದನ್ನೇ ನನಗೆ ಹೇಳಿ" ಎಂದಳು.

ಮೊದಲ ಉಂಗುರ ದೊಡ್ಡದು. "ಮೇಲೆ" ಎಂದ ಪೈಲಟ್. ಸರಿಯಾಗಿತ್ತು. ಎರಡನೆಯದಕ್ಕೆ "ಎಡಗಡೆ" ಎಂದ. ಉಂಗುರ ಬಲಕ್ಕೆ ಬಾಯಿ ತೆರೆದಿತ್ತು. ಅವಳ ನಾಲಿಗೆ ತಾನೇ ತಾನಾಗಿ "ಬಲಗಡೆ" ಎಂದಿತು. ಬಾಯಿತಪ್ಪಿ ಅಂದಿರಬೇಕು ಅವನು, ಅಷ್ಟೇ. ಮೂರನೆಯದೂ ತಪ್ಪು. ಅದನ್ನೂ ತಿದ್ದಿದಳು. ಹೆಂಗಸು ಮೆಚ್ಚಿ ತಲೆಯಾಡಿಸಿದಳು. ನಾಲ್ಕನೆಯದಕ್ಕೆ ಅವನು ಕತ್ತು ಚಾಚಿ, ಕಣ್ಣು ಕಿರಿದು ಮಾಡಿ ನೋಡಿದ. ಆಮೇಲೆ ಆ ಹೆಂಗಸಿನ ಕಡೆ ಹಲ್ಲುಕಿರಿದು, ಉಂಗುರವನ್ನೇ ವರ್ಣಿಸುವವನಂತೆ ಕೈಯಾಡಿಸುತ್ತ ಕನ್ನಡದಲ್ಲಿ ಹೇಳಿದ: "ನನಗೇನೂ ಕಾಣಿಸ್ತಾ ಇಲ್ಲ. ನಿನಗೆ ಕಾಣೋದನ್ನೇ ಹೇಳ್ತಾ ಹೋಗು. ಇವಳಿಗೇನು ಗೊತ್ತಾಗುತ್ತೆ?"

ಬೋರ್ಡುಗಳು, ತಳ್ಳುಗಾಡಿ, ಕಪ್ಪಿನ ಹೊರಗೆ ಚೆಲ್ಲಿದ ಚಹಾ ಎಲ್ಲ ಒಟ್ಟಿಗೆ ಕಣ್ಣೆದುರು ಬಂದು ನಿಂತವು. ಇಷ್ಟು ದಿನ ಅವನು ಭಾಷೆಯ ಹಿಂದೆ ಕಣ್ಣನ್ನು ಬಚ್ಚಿಟ್ಟಿದ್ದ. ಒಂದು ಮಾತು ಹೇಳಿದರೆ ಕೆಲಸ ಸಿಗುತ್ತದೆ, ಗಂಡ ಉಳಿಯುತ್ತಾನೆ. ಕೋಣೆಯಲ್ಲಿ ಕನ್ನಡ ಬಲ್ಲ ಇನ್ನೊಂದು ಜೀವವಿಲ್ಲ. "ಕೆಳಗಡೆ" ಎನ್ನಲು ಅವಳು ಬಾಯಿ ತೆರೆದಳು ಕೂಡ. ಆದರೆ ಆ ವ್ಯಾನಿನಲ್ಲಿ ಬರುವವರ ಹಾಸಿಗೆ ಬಟ್ಟೆ ಒಗೆಯುವ ಕೈ ಅವಳದು. ಏಳಲಾಗದವರು, ನಡೆಯಲಾಗದವರು, ಅವಘಡವಾದರೆ ಬಾಗಿಲು ತೆಗೆದು ಇಳಿಯಲೂ ಆಗದವರು.

"ಅವರಿಗೆ ಕಾಣಿಸುತ್ತಿಲ್ಲ" ಎಂದಳು, ಆ ಭಾಷೆಯಲ್ಲಿ. "ಹಿಂದಿನ ಎರಡೂ ನಾನೇ ಹೇಳಿದ್ದು."

ಹೆಂಗಸು ಪೆನ್ನು ಕೆಳಗಿಟ್ಟಳು. ಬೈಯಲಿಲ್ಲ. ಕಣ್ಣಿನ ವೈದ್ಯರು ಒಪ್ಪುವ ತನಕ ಇವರು ಗಾಡಿ ಮುಟ್ಟುವಂತಿಲ್ಲ ಎಂದು ನಿಧಾನವಾಗಿ, ಅವಳ ಮುಖವನ್ನೇ ನೋಡುತ್ತ ಹೇಳಿದಳು. "ಏನಂದ್ಲು?" ಎಂದು ಪೈಲಟ್ ಇನ್ನೂ ಹಲ್ಲುಕಿರಿದುಕೊಂಡೇ ಕೇಳಿದ. ಅದನ್ನು ಅವನಿಗೆ ಕನ್ನಡದಲ್ಲಿ ಹೇಳಬೇಕಾದವಳೂ ಅವಳೇ.

ವಾಪಸು ಬರುವಾಗ ಕಾರಿನಲ್ಲಿ ಅವನು ಕುದಿಯುತ್ತಿದ್ದ. "ನನ್ನ ಮಾನ ತೆಗೆದೆ. ಕಟ್ಕೊಂಡ ಹೆಂಡ್ತಿ, ಪರದೇಶದವಳ ಮುಂದೆ ನನ್ನ ಬಿಟ್ಟುಕೊಟ್ಟೆ."

"ವ್ಯಾನಲ್ಲಿ ಕಾಯಿಲೆಯವರು ಇರ್ತಾರೆ ರೀ."

"ಸ್ವಲ್ಪ ಮಬ್ಬು, ಅಷ್ಟೇ! ಕನ್ನಡಕ ಹಾಕಿದ್ರೆ ಹೋಗುತ್ತೆ. ಇಪ್ಪತ್ತು ವರ್ಷ ಓಡಿಸಿದೀನಿ, ಒಂದು ನಾಯಿಗೂ ಗೀರು ಮಾಡಿದವನಲ್ಲ. ನನ್ನ ಕಣ್ಣು ನನಗೆ ಗೊತ್ತಿಲ್ವಾ? ಟಿಕೆಟ್ ತೆಗೆಸು, ನಾನು ಹೊರಟೆ."

ಅವಳಿಗೆ ಅಳು ಒತ್ತರಿಸಿ ಬಂತು. ತುಟಿ ಕಚ್ಚಿಕೊಂಡು ರಸ್ತೆ ನೋಡಿದಳು. ಮುಂದೆ ಜನ ರಸ್ತೆ ದಾಟುವ ಬಿಳಿ ಪಟ್ಟೆಗಳು. ಕಾರು ನಿಲ್ಲಿಸಿದಳು.

"ಈಗ್ಯಾಕೆ ನಿಲ್ಲಿಸ್ದೆ? ಖಾಲಿ ಇದೆಯಲ್ಲ ರಸ್ತೆ" ಎಂದು ಅವನು ಸಿಡುಕಿದ.

"ದಾಟ್ತಾ ಇದಾರೆ. ಮಗುವಿನ ಗಾಡಿ ತಳ್ಕೊಂಡು ಒಬ್ಬಳು."

"ಎಲ್ಲಿ?"

"ಎದುರಿಗೇ ರೀ."

ಅವನು ಮುಂದಕ್ಕೆ ಬಾಗಿದ. ಗಾಜಿಗೆ ಹಣೆ ತಾಗುವಷ್ಟು ಬಾಗಿ, ನೇರವಾಗಿ ನೋಡಿದ. ಆಮೇಲೆ ಕತ್ತು ಓರೆ ಮಾಡಿ, ಕಣ್ಣಂಚಿನಿಂದ ನೋಡಿದ. ಅಷ್ಟರಲ್ಲಿ ಆ ತಾಯಿ ಇವಳಿಗೆ ಕೈಯೆತ್ತಿ, ಗಾಡಿಯನ್ನು ಪಾದಚಾರಿ ಹಾದಿಗೆ ಹತ್ತಿಸಿಕೊಂಡು ಅಂಗಡಿಯೊಂದರ ಒಳಗೆ ಹೋಗಿಯಾಗಿತ್ತು. ಹಿಂದಿನ ಕಾರಿನವನು ಹಾರ್ನ್ ಹೊಡೆದ. ಅವಳು ಗೇರಿಗೆ ಕೈ ಹಾಕಿದಳು. ಪೈಲಟ್ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ತಡಿ" ಎಂದ. "ಅವಸರ ಮಾಡ್ಬೇಡ ಕಣೇ. ಮಗು ಇದೆ. ಪೂರ್ತಿ ದಾಟ್ಲಿ."

ರಸ್ತೆಯಲ್ಲಿ ಯಾರೂ ಇರಲಿಲ್ಲ. ಅವಳು ಬ್ರೇಕಿನ ಮೇಲಿಂದ ಕಾಲು ತೆಗೆಯಲಿಲ್ಲ.