ಮೂಕವಾದ ರೇಡಿಯೋ

ಆ ಪರದೇಶದ ಊರಿನಲ್ಲಿ ಪ್ಯಾಂಟುಗಳ ಅಂಚು ಮಡಚಿ ಹೊಲಿಯುತ್ತ, ಕೆಟ್ಟ ಜಿಪ್ಪು ಬದಲಿಸುತ್ತ ಮೂರು ವರ್ಷ ಕಳೆದ ಹೊಲಿಗೆಯಮ್ಮನಿಗೆ ಅಲ್ಲಿನ ಭಾಷೆ ಕೆಲಸಕ್ಕಾಗುವಷ್ಟು ಬರುತ್ತಿತ್ತು. ಆದರೂ ಟೀಚರ್ ಅಂದ ಮಾತನ್ನು ಅವಳು ಎರಡು ಸಲ ಹೇಳಿಸಿಕೊಂಡಳು.

"ನಿಮ್ಮ ಮಗಳು ಸ್ಕೂಲಿಗೆ ಸೇರಿ ಐದು ತಿಂಗಳಾಯ್ತು. ಇಲ್ಲೀವರೆಗೂ ಒಂದೇ ಒಂದು ಮಾತಾಡಿಲ್ಲ."

ಯಾರು, ತನ್ನ ಮಗಳೇ? ಮನೆಯಲ್ಲಿ ಅದಕ್ಕೆ ರೇಡಿಯೋ ಅಂತಲೇ ಹೆಸರು! ಕಣ್ಣು ಬಿಟ್ಟಾಗ ಶುರುವಾದರೆ ನಿದ್ದೆಗೆ ಬೀಳುವವರೆಗೂ ವಟವಟ. "ಐದು ನಿಮಿಷ ಸುಮ್ನಿರೇ ತಾಯಿ" ಎಂದು ಅದರಪ್ಪ ಕೈ ಮುಗಿಯುತ್ತಿದ್ದ. ಅಂಥ ಹುಡುಗಿ ಈಗ ಪಕ್ಕದ ಪುಟ್ಟ ಕುರ್ಚಿಯಲ್ಲಿ ತುಟಿ ಬಿಗಿದುಕೊಂಡು, ಬೂಟಿನ ತುದಿ ನೋಡುತ್ತ ಕೂತಿದೆ.

ಟೀಚರ್ ಒಂದು ಕಾಗದ, ಪೆನ್ನು ಮುಂದಿಟ್ಟಳು. ಕಿವಿ ಪರೀಕ್ಷೆ ಮಾಡಿಸಿದ್ದಾಗಿದೆ, ತೊಂದರೆಯಿಲ್ಲ. ಮುಂದಿನ ವಾರದಿಂದ ಮಾತು ಬಾರದ ಮಕ್ಕಳ ಶಾಲೆಗೆ ಕಳಿಸೋಣ, ಇಲ್ಲಿ ಸಹಿ ಹಾಕಿ.

ಮಾತು ಬಾರದ ಮಕ್ಕಳ ಶಾಲೆ! ಹೊಲಿಗೆಯಮ್ಮ ಪೆನ್ನು ಹಿಡಿದುಕೊಂಡೇ ಮಗಳ ಕಡೆ ತಿರುಗಿದಳು.

"ಯಾಕೇ ಪುಟ್ಟಿ? ಯಾರಾದ್ರೂ ಹೊಡೆದ್ರಾ?" ಎಂದು ಕನ್ನಡದಲ್ಲಿ ಕೇಳಿದಳು.

ರೇಡಿಯೋ ಅಮ್ಮನ ಕಿವಿಗೆ ಬಾಯಿ ಹಚ್ಚಿತು. "ಯಾರ ಜೊತೇಲೂ ಮಾತಾಡ್ಬೇಡ ಅಂತ ನೀನೇ ಹೇಳಿದ್ಯಲ್ಲಮ್ಮ."

ಅಯ್ಯೋ ದೇವರೇ! ಹೇಳಿದ್ದು ನಿಜ. ಬಾಡಿಗೆ ಕರಾರಿನಲ್ಲಿದ್ದದ್ದು ಮೂರೇ ಜನ. ಹದಿನೈದು ದಿನವೆಂದು ಹೆಂಡತಿ ಸಮೇತ ಬಂದ ಮೈದುನ ಏಳು ತಿಂಗಳಿಂದ ಝಂಡಾ ಊರಿದ್ದ. ಎರಡು ಕೋಣೆ, ಒಂದು ಬಚ್ಚಲು, ಐದು ಜನ. ಓರಗಿತ್ತಿ ಬಚ್ಚಲಿಗೆ ಹೋದರೆ ಹೊರಬರಲು ಮುಹೂರ್ತ ಬೇಕು. ಕರೆಗಂಟೆ ಸದ್ದಾಯಿತೋ, ಅವರಿಬ್ಬರ ಚಪ್ಪಲಿ ಕಪಾಟಿಗೆ, ಅವರಿಬ್ಬರೂ ಒಳಕೋಣೆಗೆ. ಮನೆ ಮಾಲೀಕನ ಮೊಮ್ಮಗನೂ ಇದೇ ಶಾಲೆಯಲ್ಲಿದ್ದಾನೆಂದು ಮಗಳನ್ನು ಸೇರಿಸಿದ ದಿನವೇ ಗೊತ್ತಾಗಿ, ಅವಳು ಅದರ ಗಲ್ಲ ಹಿಡಿದು ಹೇಳಿದ್ದಳು: "ಅಲ್ಲಿ ಯಾರ ಜೊತೇಲೂ ಮಾತಾಡ್ಬೇಡ. ನೀನು ಶುರು ಮಾಡಿದ್ರೆ ಎಲ್ಲಾ ಒದರಿಬಿಡ್ತೀಯ. ನಮ್ಮನ್ನ ಬೀದಿಗೆ ಹಾಕ್ತಾರೆ. ಚಿಕ್ಕಪ್ಪ ಹೋಗೋವರೆಗೂ ಅಷ್ಟೇ."

ಹೇಳಿದವಳು ಮಾರನೆಯ ದಿನವೇ ಮರೆತಿದ್ದಳು. ಕೇಳಿಸಿಕೊಂಡ ರೇಡಿಯೋ ಮರೆತಿರಲಿಲ್ಲ. ಆರು ವರ್ಷದ ಮಗು, ಐದು ತಿಂಗಳು! ನೀರು ಬೇಕೆಂದೂ ಕೇಳಿರಲಿಲ್ಲವೇ? ಬಿದ್ದಾಗ ಅಳಲೂ ಇಲ್ಲವೇ? ತಾನೆಂಥ ತಾಯಿ ಎಂದು ಅವಳಿಗೆ ಅಲ್ಲೇ ಅಸಹ್ಯವಾಯಿತು.

"ಮಾತಾಡು ಪುಟ್ಟಿ. ಟೀಚರ್ ಜೊತೆ ಮಾತಾಡು."

"ಎಲ್ಲಾ ಹೇಳ್ಲಾ? ಚಿಕ್ಕಪ್ಪ, ಚಿಕ್ಕಮ್ಮಂದೂ?"

ಮನೆ ಹೋದರೆ ಎಲ್ಲಿಗೆ ಹೋಗುವುದು? ಗಂಡ ಏನಂದಾನು? ಸಹಿ ಹಾಕಿಬಿಡಲೇ ಎಂದು ಆ ಒಂದು ಗಳಿಗೆ ಅವಳು ನಿಜಕ್ಕೂ ಯೋಚಿಸಿದಳು, ಅದು ಅವಳಿಗೇ ಗೊತ್ತು. ಆಮೇಲೆ ಪೆನ್ನನ್ನು ಮೇಜಿನ ಮೇಲಿಟ್ಟಳು.

"ಎಲ್ಲಾ ಹೇಳು."

ರೇಡಿಯೋ ಟೀಚರ್ ಕಡೆ ತಿರುಗಿತು. ಅಮ್ಮನಿಗೆ ಮೂರು ವರ್ಷದಲ್ಲೂ ಪೂರ್ತಿ ಒಲಿಯದ ಆ ಭಾಷೆಯಲ್ಲಿ, ಒಂದೂ ತಪ್ಪಿಲ್ಲದೆ ಶುರುಮಾಡಿತು: "ನಮ್ಮನೇಲಿ ಐದು ಜನ ಇದ್ದೀವಿ."

ಟೀಚರ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ರೇಡಿಯೋ ಆಗಲೇ ಕಪಾಟಿನ ಚಪ್ಪಲಿಯವರೆಗೆ ಬಂದಿತ್ತು. ಹೊಲಿಗೆಯಮ್ಮ ಕಾಗದವನ್ನು ಸಹಿಯಿಲ್ಲದೆ ಹಿಂದಕ್ಕೆ ತಳ್ಳಿದಳು.